ಚಾಚಿಯ ಮೋಟರು, ನನ್ನ ಮ್ಯಾರಥಾನು

ನಾನು ಓಡಲು ಶುರು ಮಾಡಿದ ಮೊದಲ ದಿನವೇ ನನ್ನ ಹಿಂದೆ ಹತ್ತು ಹನ್ನೆರಡು ಜನ ಓಡಿದರು. ಎಲ್ಲರ ಕೈಯಲ್ಲೂ ಬಕೆಟ್ಟು.

ಜೂನ್ ತಿಂಗಳು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸ ಬೂಟು, ಹಳೆ ಸಲ್ವಾರು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ದಿಲ್ಲಿಯ ಮುನಿರ್ಕಾದ ನಮ್ಮ ಗಲ್ಲಿಯಿಂದ ಮೇನ್ ರೋಡಿನ ಕಡೆ ಓಡುತ್ತಿದ್ದೆ. ಹಿಂದೆ ಏನೋ ಗಡಗಡ ಸದ್ದು. ತಿರುಗಿ ನೋಡಿದರೆ ಅರ್ಧ ಗಲ್ಲಿ ನನ್ನ ಬೆನ್ನಿಗಿದೆ. ಎದುರು ಮನೆಯ ಸರ್ದಾರ್ಜಿ ಬನಿಯನ್ನಿನಲ್ಲಿ, ಎರಡು ಕೈಯಲ್ಲಿ ಎರಡು ಕ್ಯಾನು. ಮೂಲೆ ಕೋಣೆಯಲ್ಲಿರುವ ಸ್ಟೂಡೆಂಟುಗಳು ಒಂದು ಡ್ರಮ್ಮನ್ನೇ ಉರುಳಿಸಿಕೊಂಡು ಬರುತ್ತಿದ್ದಾರೆ.

“ಭಾಭೀಜಿ, ಟ್ಯಾಂಕರ್ ಕಿಧರ್ ಹೈ?”

ನೀರಿನ ಟ್ಯಾಂಕರ್ ಎಲ್ಲೂ ಇರಲಿಲ್ಲ. “ಐಸೇ ಹೀ ದೌಡ್ ರಹೀ ಹೂಂ” ಅಂದೆ. ಸುಮ್ಮನೆ ಓಡ್ತಾ ಇದೀನಿ.

ಸರ್ದಾರ್ಜಿ ಕ್ಯಾನು ಕೆಳಗಿಟ್ಟರು. ನನ್ನ ಬೂಟು ನೋಡಿದರು, ಮುಖ ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು, “ಮನೆಯಲ್ಲಿ ಎಲ್ಲಾ ಸರಿ ಇದೆ ತಾನೆ?”

ಅವರ ತಪ್ಪೇನಿದೆ ಹೇಳಿ? ದಿಲ್ಲಿಯ ಬೇಸಿಗೆಯಲ್ಲಿ ಒಬ್ಬ ಹೆಂಗಸು ನಸುಕಿನಲ್ಲಿ ಓಡುತ್ತಿದ್ದಾಳೆ ಅಂದರೆ ನೀರಿಗೆ ಓಡುತ್ತಿದ್ದಾಳೆ. ಇನ್ಯಾವುದಕ್ಕೆ ಓಡುತ್ತಾಳೆ? ನಾನೇ ಅವರ ಜಾಗದಲ್ಲಿದ್ದಿದ್ದರೆ ನಾನೂ ಬಕೆಟ್ ಎತ್ತಿಕೊಂಡು ಹೊರಡುತ್ತಿದ್ದೆ.

ಇದೆಲ್ಲ ಶುರುವಾದದ್ದು ನಮ್ಮ ಆಫೀಸಿನ ನೋಟೀಸ್ ಬೋರ್ಡಿನಿಂದ. (ಹೊಸ ಓದುಗರಿಗಾಗಿ: ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಸಿಸ್ಟೆಂಟು. ಫೈಲು ಮೇಲೆ ಹೋಗುವಾಗಲೂ ಕೆಳಗೆ ಬರುವಾಗಲೂ ನನ್ನ ಮೇಜಿನ ಮೇಲೆ ಸ್ವಲ್ಪ ಹೊತ್ತು ಮಲಗುತ್ತದೆ.) ಈ ಊರಿನಲ್ಲಿ ಈಗ ಕೆಲವು ವರ್ಷದಿಂದ ದೊಡ್ಡ ಓಟವೊಂದು ನಡೆಯುತ್ತಿದೆಯಲ್ಲ, ಅದಕ್ಕೆ ಹೆಸರು ಕೊಡಬಹುದು ಅಂತ ನೋಟೀಸು. ಊಟದ ಹೊತ್ತಿನಲ್ಲಿ ನಿಂತು ಓದುತ್ತಿದ್ದೆ. ನಮ್ಮ ಸೆಕ್ಷನ್ ಆಫೀಸರು ಹಿಂದಿನಿಂದ ಬಂದು ಬಹಳ ಕಾಳಜಿಯಿಂದ ಹೇಳಿದರು, “ಮೇಡಂ, ಲೇಡೀಸ್‌ಗೆ ಕೆಳಗಡೆ ಇದೆ ನೋಡಿ. ಸಣ್ಣ ವಾಕ್. ಟೀ ಶರ್ಟೂ ಕೊಡ್ತಾರೆ.”

ಒಳ್ಳೆಯ ಮನುಷ್ಯ. ಆದರೆ ಈ ಥರದ ಕಾಳಜಿ ನನಗೆ ಹಳೇ ಪರಿಚಯ. ಪಿಯುಸಿ ಮುಗಿಸಿ ಬಿ.ಎ. ಸೇರುತ್ತೇನೆ ಅಂದಾಗಲೂ ಹೊಸಪೇಟೆಯ ನಮ್ಮ ಓಣಿಯಲ್ಲಿ ಯಾರೋ ಇಷ್ಟೇ ಕಾಳಜಿಯಿಂದ “ಹೊಲಿಗೆ ಕ್ಲಾಸ್ ಇದೆಯಲ್ಲ” ಅಂದಿದ್ದರು. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಕಾಲೇಜಿನ ಗೇಟು ದಾಟಿದವರು ಯಾರೂ ಇರಲಿಲ್ಲ. ಅಪ್ಪ ದಾಟಿದ್ದರು, ಬಾಳೆಹಣ್ಣಿನ ತಳ್ಳುಗಾಡಿ ಜೊತೆಗೆ, ಇಂಟರ್‌ವಲ್ ಹೊತ್ತಿನಲ್ಲಿ. ನಾನು ಬಿ.ಎ. ಮಾಡಿದೆ, ಪರೀಕ್ಷೆ ಬರೆದೆ, ದಿಲ್ಲಿಗೆ ಬಂದೆ. ಅದನ್ನು ಹೇಳಿಕೊಳ್ಳೋಕೆ ನನಗೆ ಸಂಕೋಚವಿಲ್ಲ. ಹೇಳುತ್ತಲೇ ಇರುತ್ತೇನೆ.

ಇಪ್ಪತ್ತೊಂದು ಕಿಲೋಮೀಟರಿಗೇ ಹೆಸರು ಕೊಟ್ಟೆ.

(ಅದು ಅರ್ಧ ಮ್ಯಾರಥಾನು. ಗೊತ್ತು. ಆದರೆ ನಮ್ಮ ಗಲ್ಲಿಯಲ್ಲಿ ಎಲ್ಲರೂ ಮ್ಯಾರಥಾನ್ ಅಂತಲೇ ಕರೆಯುತ್ತಾರೆ. ನಾನೂ ತಿದ್ದಲು ಹೋಗಿಲ್ಲ.)

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದರು, “ಯಾಕವ್ವಾ, ಯಾರಾದ್ರೂ ಬೆನ್ನು ಹತ್ಯಾರೇನು?”

ಅವರು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಓಟ ಅಂದರೆ ಮುನ್ಸಿಪಾಲ್ಟಿ ಗಾಡಿ ಬಂದಾಗ ತಳ್ಳುಗಾಡಿ ಸಮೇತ ಸಂದಿಗೆ ನುಗ್ಗುವುದು. ಆ ಓಟದಲ್ಲಿ ಅಪ್ಪನಿಗೆ ಇಡೀ ಮಾರ್ಕೆಟ್ಟಿನಲ್ಲಿ ಹೆಸರಿತ್ತು. “ಯಾರೂ ಬೆನ್ನು ಹತ್ತಿಲ್ಲಪ್ಪಾ, ಹಂಗೇ” ಅಂದೆ. “ಹಂಗೇ ಯಾರರ ಓಡ್ತಾರೇನವ್ವಾ?” ಅಂದರು. ಆಮೇಲೆ, “ಆತು, ಓಡು. ಕಾಲಿಗೆ ಹುಷಾರು.”

ಇನ್ನು ಮನೆ. ನಮ್ಮ ಮನೆಯ ಬೆಳಗನ್ನು ನಡೆಸುವುದು ದೇವರೂ ಅಲ್ಲ, ನಾನೂ ಅಲ್ಲ. ಚಾಚಿಯ ಮೋಟರು.

ಚಾಚಿ ನಮ್ಮ ಮನೆ ಒಡತಿ. ದಿಲ್ಲಿ ಬೆಳೆದು ನುಂಗುವ ಮುಂಚೆ ಮುನಿರ್ಕಾ ಒಂದು ಹಳ್ಳಿ, ಆ ಹಳ್ಳಿಯ ಮೂಲದವರು. ಎಪ್ಪತ್ತರ ಆಸುಪಾಸು, ತಲೆ ಮೇಲೆ ಸದಾ ಸೆರಗು, ಪಕ್ಕದಲ್ಲಿ ಸದಾ ಹುಕ್ಕಾ. ಮೊದಲು ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆದಾರರನ್ನು ಕಟ್ಟಿದ್ದಾರೆ. (ಇದು ನಮ್ಮವರ, ಅಂದರೆ ನನ್ನ ಗಂಡನ, ಮಾತು. ಚಾಚಿಗೆ ಕನ್ನಡ ಬರುವುದಿಲ್ಲ, ಬಚಾವ್.) ನಲ್ಲಿಯಲ್ಲಿ ನೀರು ಬರುವುದು ದಿನಕ್ಕೊಮ್ಮೆ, ಬೆಳಗ್ಗೆ. ಇಡೀ ಮನೆಗೆ ಒಂದೇ ಮೋಟರು. ಮೊದಲು ಚಾಚಿ, ಆಮೇಲೆ ಒಂದೊಂದೇ ಮಹಡಿ. ನಿಮ್ಮ ಸರದಿ ಬಂದಾಗ ಒಬ್ಬರು ಛಾವಣಿಗೆ ಹತ್ತಿ ನಿಮ್ಮ ಕಪ್ಪು ಟ್ಯಾಂಕಿನ ವಾಲ್ವ್ ತಿರುಗಿಸಬೇಕು, ಕೆಳಗಿಳಿದು ಮೋಟರ್ ಹಾಕಬೇಕು, ತುಂಬುವುದನ್ನು ಕಾಯಬೇಕು, ತುಳುಕುವ ಮುಂಚೆ ಆಫ್ ಮಾಡಬೇಕು. ಸರದಿ ತಪ್ಪಿತೋ, ತಪ್ಪಿತು. ನಾಳೆ ಬೆಳಗ್ಗೆವರೆಗೂ ಮುಖ ತೊಳೆಯಲು ಪಕ್ಕದ ಮನೆಯಲ್ಲಿ ಬೇಡಿ. ನೀರು ತುಳುಕಿತೋ, ಚಾಚಿಯ ಬಾಯಿಂದ ನಿಮ್ಮ ಏಳು ತಲೆಮಾರು ತೊಳೆದು ಹೋಗುತ್ತದೆ. ಮೋಟರಿನ ಸ್ವಿಚ್ಚನ್ನು ಅವರು ಯಾರಿಗಾಗಿಯೂ ಮುಟ್ಟುವವರಲ್ಲ. “ನಿಮ್ಮ ನೀರು, ನಿಮ್ಮ ತಲೆನೋವು.” ಹತ್ತು ವರ್ಷದಿಂದ ಇದೇ ಕಾನೂನು.

ಈಗ ಹೇಳಿ, ಈ ಕಾನೂನಿನೊಳಗೆ ಮ್ಯಾರಥಾನ್ ಪ್ರಾಕ್ಟೀಸು ಎಲ್ಲಿ ಕೂರುತ್ತದೆ?

ದಿನಬೆಳಗಿನ ಸಣ್ಣ ಓಟಗಳನ್ನು ಹೇಗೋ ಕೂರಿಸಿದೆ. ಚಾಚಿಯ ಸರದಿ ಮುಗಿಯುವುದರೊಳಗೆ ಓಡಿ ಬಂದು, ಬೂಟಿನಲ್ಲೇ ಛಾವಣಿ ಹತ್ತಿ, ವಾಲ್ವ್ ತಿರುಗಿಸಿ, ಇತ್ತ ಕುಕ್ಕರ್ ಇಟ್ಟು, ಮಗಳನ್ನು ಎಬ್ಬಿಸಿ, ಡಬ್ಬಿ ಕಟ್ಟಿ, ಆಫೀಸಿನ ಚಾರ್ಟರ್ಡ್ ಬಸ್ ಹಿಡಿಯುವುದು. ಬಸ್ಸು ಹೊರಟುಬಿಟ್ಟಿರುತ್ತಿತ್ತು. ಅಲ್ಲಿಗೂ ಓಟ. ತಿಂಗಳೆರಡು ಕಳೆಯುವಷ್ಟರಲ್ಲಿ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ನಿಧಾನ ಮಾಡುವುದನ್ನೇ ಬಿಟ್ಟ. ನಾನು ಹಿಡಿಯುತ್ತೇನೆ ಅಂತ ಅವನಿಗೆ ನಂಬಿಕೆ ಬಂದಿತ್ತು. ನನ್ನ ಬದುಕಿನ ಮೊದಲ ಕ್ರೀಡಾ ಪ್ರಶಸ್ತಿ ಅದೇ ಅಂದುಕೊಂಡಿದ್ದೇನೆ.

ಕಷ್ಟವಿದ್ದದ್ದು ಉದ್ದ ಓಟದ್ದು. ಇಪ್ಪತ್ತೊಂದಕ್ಕೆ ಇಳಿಯುವ ಮುಂಚೆ ಒಮ್ಮೆಯಾದರೂ ಹದಿನೆಂಟು ಕಿಲೋಮೀಟರು ನಿಲ್ಲದೆ ಓಡಿರಬೇಕು ಅಂತ ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ. ಅದಾಗದಿದ್ದರೆ ಓಟಕ್ಕೆ ಹೋಗುವುದಿಲ್ಲ.

“ಯಾರೂ ಕೇಳದ ಕಂಡೀಷನ್ ಯಾಕೆ ಹಾಕ್ಕೋತೀಯ?” ಅಂದರು ನಮ್ಮವರು. “ಆದಷ್ಟು ಓಡು, ಆಗದಿದ್ದರೆ ಆಟೋ ಹತ್ತು.”

ಅವರಿಗೆ ಹೇಗೆ ಹೇಳಲಿ? ಅವರ ತಂದೆ ಹೈಸ್ಕೂಲ್ ಮೇಷ್ಟರು. ಆ ಮನೆಯಲ್ಲಿ ಫೇಲಾದರೆ ಮುಂದಿನ ಮಾರ್ಚಿಗೆ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಫೇಲಾದರೆ ಓದು ಮುಗೀತು. ಓದದೆ ಪರೀಕ್ಷೆಗೆ ಕೂರುವ ಶ್ರೀಮಂತಿಕೆ ನನ್ನಂಥವರಿಗೆ ಎಲ್ಲಿಂದ ಬರಬೇಕು? ಅದು ಹಣದ ಮಾತಲ್ಲ, ಅಭ್ಯಾಸದ ಮಾತು. ಇಂದಿಗೂ ಸಿದ್ಧತೆಯಿಲ್ಲದೆ ಬಾಗಿಲು ಬಡಿಯಲು ಕೈ ಏಳುವುದಿಲ್ಲ.

ಒಂದು ಭಾನುವಾರ ಹೊರಡಬೇಕೆಂದಿದ್ದೆ. ಹಿಂದಿನ ಸಂಜೆ ದಾವಣಗೆರೆಯಿಂದ ನಮ್ಮವರ ಸ್ನೇಹಿತರ ಸಂಸಾರ ಬಂದಿಳಿಯಿತು. ಹರಿದ್ವಾರಕ್ಕೆ ಹೊರಟವರು. ದಿಲ್ಲಿಯ ಕನ್ನಡಿಗರ ಮನೆ ಅಂದರೆ ಛತ್ರ ಅಂತ ನಾನು ಇಲ್ಲಿ ಎಷ್ಟು ಸಲ ಬರೆದಿಲ್ಲ? ಬೆಳಗ್ಗೆ ಬೂಟಿನ ಲೇಸು ಕಟ್ಟುವಾಗ ಅವರ ಅತ್ತೆಯವರು ಎದ್ದು ಬಂದು, “ಬಿಸಿನೀರು ಕಾಯ್ತಾ ಇದೆಯೇನಮ್ಮ?” ಅಂದರು. ಲೇಸು ಬಿಚ್ಚಿದೆ. ಅದರ ಮುಂದಿನ ಭಾನುವಾರ ಮಗಳ ಸ್ಕೂಲಿನ ಪ್ರಾಜೆಕ್ಟು. ಥರ್ಮೋಕೋಲಿನ ಅಣೆಕಟ್ಟು ಬೆಳಗಾಗುವಾಗ ಒಡೆದುಬಿತ್ತು. ಇಬ್ಬರೂ ಕೂತು ಮತ್ತೆ ಕಟ್ಟಿದೆವು.

ಉಳಿದದ್ದು ಒಂದೇ ಭಾನುವಾರ. ಅದಾದ ಮೇಲೆ ಉದ್ದ ಓಡಿದರೆ ಓಟದ ದಿನಕ್ಕೆ ಕಾಲು ಸುಧಾರಿಸುವುದಿಲ್ಲ. ಆ ವಾರವೇ ನಮ್ಮವರಿಗೆ ಆಡಿಟ್ ಟೂರ್ ಬಿತ್ತು. ಲಖನೌ. ಭಾನುವಾರ ಮಧ್ಯಾಹ್ನ ವಾಪಸು.

ಹದಿಮೂರು ವರ್ಷದ ಮಗಳೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಎರಡೂವರೆ ತಾಸು ಕಣ್ಮರೆಯಾಗೋದಾ? ನೀರಿನ ಸರದಿ ನಟ್ಟನಡುವೆ. ಶನಿವಾರ ರಾತ್ರಿ ಬೂಟನ್ನು ಮಂಚದ ಕೆಳಗೆ ತಳ್ಳಿದೆ. ಮಗಳು ಪಲ್ಲವಿ ನೋಡುತ್ತಿದ್ದಳು. ನಮ್ಮ ಪಲ್ಲವಿ ದಿಲ್ಲಿಯಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ದಾರಿಯಲ್ಲೇ ಹಿಂದಿಗೆ ಇಳಿದುಬಿಡುತ್ತಾಳೆ.

“ಅಮ್ಮಾ, ತೂ ಇಲ್ಲೇ ಓಡು ನಾ. ಮನೆ ಸುತ್ತ. ರೌಂಡ್ ರೌಂಡ್. ನಾನು ನೀರು ತುಂಬಿಸ್ತೀನಿ, ಡೌಟ್ ಆಯಾ ತೋ ಕೂಗಿ ಕೇಳ್ತೀನಿ.”

ಐಡಿಯಾ ಇಷ್ಟು ಸುಲಭವಾಗಿತ್ತಾ? ನಮ್ಮ ಮನೆ ಹಳ್ಳಿಯ ಅಂಚಿನಲ್ಲಿದೆ, ಗೇಟಿನ ಮುಂದೆಯೇ ರಸ್ತೆ. ಆ ರಸ್ತೆ ಪಕ್ಕದ ಫ್ಲ್ಯಾಟುಗಳನ್ನೆಲ್ಲ ಬಳಸಿಕೊಂಡು ಮತ್ತೆ ಗೇಟಿಗೇ ಬರುತ್ತದೆ. ಒಂದು ಸುತ್ತಿಗೆ ಒಂದೂವರೆ ಕಿಲೋಮೀಟರು, ಸ್ಕೂಟರಿನ ಮೀಟರು ಹೇಳಿದ ಲೆಕ್ಕ. ಹನ್ನೆರಡು ಸುತ್ತು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆ. ಮೈ ನಡುಗಿಸದಷ್ಟು ಚಳಿ, ಫ್ಲ್ಯಾಟುಗಳ ಮೇಲೆ ತೆಳ್ಳಗೆ ಮಂಜು. ಕಾಲು ಹಗುರವಾಗಿತ್ತು. ಚಾಚಿ ಗೇಟಿನ ಹತ್ತಿರ ಚಾರ್‌ಪಾಯಿ ಮಂಚ ಹಾಕಿಕೊಂಡು ಹುಕ್ಕಾ ಹಚ್ಚುತ್ತಿದ್ದರು. ನನ್ನನ್ನು ನೋಡಿ ಕೇಳಿದರು, “ಇವತ್ತೂ ಶುರುವಾಯ್ತಾ? ಎಷ್ಟು ಹೊತ್ತು?”

“ಹನ್ನೆರಡು ಸುತ್ತು, ಚಾಚಿ.”

“ಗಾಣಕ್ಕೆ ಕಟ್ಟಿದ ಎತ್ತೂ ಅಷ್ಟು ಸುತ್ತಿದ್ರೆ ಎಣ್ಣೆ ಕೊಡುತ್ತೆ. ನಿನಗೇನು ಸಿಗುತ್ತೆ?”

ದುಪಟ್ಟಾ ಬಿಗಿದುಕೊಂಡೆ. ಓಡಿದೆ.

ಮೊದಲ ಸುತ್ತು ಮುಗಿಸಿ ಬಂದರೆ ಪಲ್ಲವಿ ಬಾಲ್ಕನಿಯಲ್ಲಿ. “ಅಮ್ಮಾ, ಉಪ್ಪಿಟ್ಟಿನ ರವೆ ಯಾವ ಡಬ್ಬಿ?”

“ಕೆಂಪು ಮುಚ್ಚಳ.”

ಎರಡನೇ ಸುತ್ತು. “ಅಮ್ಮಾ, ಕೆಂಪು ಮುಚ್ಚಳದ್ದು ದೋ ಹೈಂ.”

“ಮೂಸಿ ನೋಡು.”

ಮೂರನೆಯದು. “ಅಮ್ಮಾ, ಮೂಸಿ ನೋಡಿದೆ. ದೋನೋಂ ಸೇಮ್.”

ಹೀಗೆ ಪ್ರತಿ ಸುತ್ತಿಗೂ ಒಂದು ಪ್ರಶ್ನೆ, ಒಂದು ಉತ್ತರ. ಯೋಚಿಸಲು ನನಗೆ ಒಂದೂವರೆ ಕಿಲೋಮೀಟರು, ಕೆಡಿಸಲು ಅವಳಿಗೆ ಒಂದೂವರೆ ಕಿಲೋಮೀಟರು. ಇಸ್ತ್ರಿ ಬಟ್ಟೆ ಕೇಳಲು ಪ್ರೆಸ್‌ವಾಲಾ ಭಯ್ಯಾ ಬಂದ. ಗೇಟಿನಲ್ಲಿ ನಿಂತು ಒಂದು ಸುತ್ತು ಕಾದ. ನಾನು ಬಂದಾಗ “ಮೇಡಂಜಿ, ಸೀರೆಗೆ ಸ್ಟಾರ್ಚಾ?” ಅಂದ. “ಹಾಂ” ಅನ್ನುವಷ್ಟರಲ್ಲಿ ದಾಟಿ ಹೋಗಿದ್ದೆ. ಸರ್ದಾರ್ಜಿ ಪೇಪರ್ ಹಿಡಿದು ಹೊರಗೆ ಬಂದು ಕುಳಿತರು. ಐದನೇ ಸುತ್ತಿನ ಹೊತ್ತಿಗೆ ಪೇಪರ್ ಮಡಿಲಿಗೆ ಇಳಿದಿತ್ತು. ಸ್ಟೂಡೆಂಟುಗಳು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಛಾವಣಿಯಿಂದ ಬಗ್ಗಿ ನೋಡುತ್ತಿದ್ದರು.

ಆರನೇ ಸುತ್ತಿಗೆ ನಮ್ಮ ನೀರಿನ ಸರದಿ ಬಂತು. ಪಲ್ಲವಿ ಛಾವಣಿಯಿಂದ ಕೂಗಿದಳು, “ವಾಲ್ವ್ ಘುಮಾ ದಿಯಾ! ಮೋಟರ್ ಹಾಕ್ಲಾ?”

“ಹಾಕು. ಕಾಯಬೇಕು, ಆಯ್ತಾ? ಬಿಟ್ಟು ಹೋಗಬೇಡ.”

ಇಲ್ಲಿಯವರೆಗೂ ಹಬ್ಬ. ಏಳನೆಯದರ ಕೊನೆಗೆ ಹಬ್ಬ ಮುಗಿಯಿತು. ಮೀನಖಂಡ ಕಲ್ಲಾಯಿತು. ಬಲ ಹೆಬ್ಬೆರಳಿನ ಉಗುರಿನ ಕೆಳಗೆ ಯಾರೋ ಸೂಜಿ ಇಟ್ಟಹಾಗೆ. ಬಾಯಲ್ಲಿ ಉಗುಳಿಲ್ಲ. ಎಂಟನೇ ಸುತ್ತಿನ ದೂರದ ತಿರುವಿನಲ್ಲಿ, ಯಾರೂ ಕಾಣದ ಜಾಗದಲ್ಲಿ, ಒಂದು ಕಲ್ಲುಬೆಂಚು ಇದೆ. ಅದು ನನ್ನನ್ನು ಹೆಸರು ಹಿಡಿದು ಕರೆಯಿತು ಅಂದರೆ ನಂಬಿ. ಕೂತರೆ ಯಾರಿಗೆ ಗೊತ್ತಾಗುತ್ತೆ? ನನಗೆ ಗೊತ್ತಾಗುತ್ತೆ. ಅದೇ ತೊಂದರೆ. ಬೆಂಚಿನ ಕಡೆ ನೋಡದೆ ದಾಟಿದೆ.

ಗೇಟಿನ ಹತ್ತಿರ ಬಂದರೆ ಏನು ನೋಡುವುದು? ನಮ್ಮ ಟ್ಯಾಂಕಿನಿಂದ ನೀರು ಛಾವಣಿಯ ಅಂಚಿನಲ್ಲಿ ಧಾರೆಯಾಗಿ ಸುರಿಯುತ್ತಿದೆ. ಕೆಳಮಹಡಿಯವರ ಒಣಹಾಕಿದ ರಜಾಯಿ ಒದ್ದೆ. ಪಲ್ಲವಿ ಎಲ್ಲೂ ಕಾಣುತ್ತಿಲ್ಲ. (ಆಮೇಲೆ ತಿಳಿಯಿತು, ಒಳಗೆ ರವೆ ಸೀಯುತ್ತಿತ್ತು. ಎರಡು ಬೆಂಕಿಯಲ್ಲಿ ಹತ್ತಿರದ್ದನ್ನು ಆರಿಸಲು ಓಡಿದ್ದಾಳೆ.)

ಮುಗೀತು ಅಂದುಕೊಂಡೆ. ಓಟವೂ ಮುಗೀತು, ಬಾಡಿಗೆ ಮನೆಯೂ ಮುಗೀತು. ಕಾಲು ನಿಧಾನವಾಯಿತು. ಗೇಟಿನ ಕಡೆ ತಿರುಗಿದೆ.

ಚಾಚಿ ಚಾರ್‌ಪಾಯಿಯಿಂದ ಎದ್ದು ನಿಂತಿದ್ದರು. ಮೊಣಕಾಲು ನೋವಿಗೆ ಸುಲಭವಾಗಿ ಏಳುವವರಲ್ಲ. ಕೈ ಎತ್ತಿ ನನ್ನನ್ನು ತಡೆದರು.

“ಮೋಟರ್ ಮೈ ದೇಖ್ ಲೂಂಗೀ. ತೂ ರುಕ್ ಮತ್.”

ಮೋಟರ್ ನಾನು ನೋಡ್ಕೋತೀನಿ, ನೀನು ನಿಲ್ಲಬೇಡ.

“ಚಾಚಿ, ನೀರು...”

“ಬೀಳಲಿ. ಬಾಯಿ ಮುಚ್ಚಿ ಓಡು. ನಾಲ್ಕು ಉಳಿದಿದೆ.”

ಅವರು ಎಣಿಸುತ್ತಿದ್ದರು. ಕೇಳಿಸಿತಾ ನಿಮಗೆ? ಎತ್ತಿನ ಲೆಕ್ಕ ಹೇಳಿದ ಚಾಚಿ ನನ್ನ ಸುತ್ತು ಎಣಿಸುತ್ತಿದ್ದರು. ನಾನು ಗೇಟಿನಿಂದ ತಿರುಗಿ ಹೊರಟಾಗ ಬೆನ್ನ ಹಿಂದೆ ಮೋಟರು ಗುರ್ರೆಂದು ನಿಂತ ಸದ್ದು ಕೇಳಿತು. ಹತ್ತು ವರ್ಷದಲ್ಲಿ ಚಾಚಿ ನಮಗಾಗಿ ಆ ಸ್ವಿಚ್ಚು ಮುಟ್ಟಿದ್ದು ಅದೇ ಮೊದಲು.

ಆಮೇಲೆ ಕಾಲು ಎಲ್ಲಿಂದ ಬಂತೋ ಗೊತ್ತಿಲ್ಲ. ಒಂಬತ್ತನೆಯದು ಮುಗಿಸಿ ಬರುವಾಗ ಹಾಲಿನ ಕ್ಯಾನು ನೇತುಹಾಕಿಕೊಂಡ ಮೋಟರ್ ಸೈಕಲಿನವನು ನನ್ನ ದಾರಿಗೆ ಅಡ್ಡ ನಿಂತು ಹಾಲು ಅಳೆಯುತ್ತಿದ್ದ. ಚಾಚಿಯ ಗಂಟಲು ಇಡೀ ರಸ್ತೆಗೆ ಕೇಳಿಸಿತು: “ಪರೇ ಹಟ್. ಮ್ಹಾರೀ ಬಹೂ ದೌಡ್ ರೀ ಸೈ.”

ಆಚೆ ಸರಿ, ನಮ್ಮ ಸೊಸೆ ಓಡ್ತಾ ಇದಾಳೆ.

ಬಾಡಿಗೆದಾರಳು ಅಲ್ಲ, ಮದ್ರಾಸಿನ್ ಅಲ್ಲ (ವಿಂಧ್ಯದ ಕೆಳಗಿನವರೆಲ್ಲ ಚಾಚಿಗೆ ಮದ್ರಾಸಿಗಳೇ). ನಮ್ಮ ಸೊಸೆ. ನನಗೆ ಅಳು ಬಂತು. ಓಡುವಾಗ ಅಳಬೇಡಿ, ಉಸಿರು ಸಿಗುವುದಿಲ್ಲ. ಅನುಭವದ ಮಾತು.

ಹತ್ತನೇ ಸುತ್ತಿನಲ್ಲಿ ಗೇಟಿನ ಮುಂದೆ ಆಟೋ. ಮಧ್ಯಾಹ್ನ ಬರಬೇಕಿದ್ದ ನಮ್ಮವರು ಬೇರೆ ರೈಲು ಹಿಡಿದು ಬೆಳಗ್ಗೆಯೇ ಬಂದಿಳಿದಿದ್ದಾರೆ. ಕೈಯಲ್ಲಿ ಸೂಟ್‌ಕೇಸು. ಒದ್ದೆ ಗೋಡೆ, ನಿಂತ ಚಾಚಿ, ಛಾವಣಿ ತುಂಬ ಜನ, ಎಲ್ಲವನ್ನೂ ನೋಡಿ ಮುಖ ಬಿಳಿಚಿಕೊಂಡಿತು.

“ಏನಾಯ್ತೇ?”

“ಏನಿಲ್ಲ ರೀ. ಇನ್ನೆರಡು.”

ಮುಂದಿನ ಸಲ ಬರುವಷ್ಟರಲ್ಲಿ ಅವರು ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕದ ಲೋಟ ಹಿಡಿದು ರಸ್ತೆಯ ನಡುವೆ ನಿಂತಿದ್ದರು. ಆಫೀಸಿನ ಬೂಟಿನಲ್ಲೇ ನನ್ನ ಪಕ್ಕ ಹತ್ತು ಹೆಜ್ಜೆ ಓಡಿದರು. ಅರ್ಧ ನನ್ನ ಮೇಲೆ ಚೆಲ್ಲಿದರು, ಅರ್ಧ ನಾನು ಕುಡಿದೆ. “ರೀ, ಹಾಲು ಕಾಸಿಲ್ಲ, ಗ್ಯಾಸಿನವನಿಗೆ ಫೋನ್...” ಅಂದೆ. “ಮೊದಲು ಉಸಿರಾಡು” ಅಂದರು.

ಆಗ ಗಮನಿಸಿದೆ. ಪಲ್ಲವಿ ಬಾಲ್ಕನಿಯಲ್ಲಿದ್ದಳು, ಆದರೆ ಏನೂ ಕೇಳಲಿಲ್ಲ. ಪ್ರೆಸ್‌ವಾಲಾ ಕೇಳಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕೊನೆಯ ಸುತ್ತಿನಲ್ಲಿ ನನ್ನ ತಲೆಯೊಳಗೆ ಹಾಲು, ಗ್ಯಾಸು, ಸ್ಟಾರ್ಚು ಯಾವುದೂ ಇರಲಿಲ್ಲ. ಉಸಿರಿತ್ತು, ರಸ್ತೆಯಿತ್ತು, ಬೇವಿನ ಮರಗಳ ನಡುವಿನಿಂದ ಮೇಲೆದ್ದ ಬಿಸಿಲಿತ್ತು. ಮನೆಯ ಒಂದು ವಿಷಯವನ್ನೂ ನೆನೆಯದೆ ಅಷ್ಟು ದೂರ ನಾನು ಯಾವತ್ತು ಹೋಗಿದ್ದೆ? ನೆನಪಿಗೆ ಬರಲಿಲ್ಲ. ನಿಜ ಹೇಳಬೇಕಂದರೆ ಒಂದು ಕ್ಷಣ ಬೇಜಾರೂ ಆಯಿತು. ಇಷ್ಟು ಬೇಗ ನನ್ನನ್ನು ಬಿಟ್ಟು ನಡೆಯೋಕೆ ಕಲಿತುಬಿಟ್ಟರಾ?

ಮುಗಿಯಿತು. ಹದಿನೆಂಟು. ನಿಲ್ಲದೆ.

ಚಾರ್‌ಪಾಯಿಯ ಮೇಲೆ ಬಿದ್ದೆ. ಚಾಚಿ ನನ್ನ ಕಾಲನ್ನು ತಮ್ಮ ತೊಡೆ ಮೇಲೆಳೆದುಕೊಂಡು, ಎಮ್ಮೆಯ ಕಾಲು ಪರೀಕ್ಷಿಸುವ ಹಾಗೆ ಒತ್ತಿ ನೋಡಿದರು. “ಗಟ್ಟಿ ಇದೆ” ಅಂತ ತೀರ್ಪು ಕೊಟ್ಟರು. ಆಮೇಲೆ ಒಳ್ಳೆಯ ಗಂಟಲಿನಲ್ಲಿ, ನೀರು ಪೋಲು ಮಾಡಿದ್ದಕ್ಕೆ ಬೈದರು. ರಜಾಯಿಗೂ ಸೇರಿಸಿ ಬೈದರು. ಏಳು ತಲೆಮಾರೂ ಬಂದು ಹೋದವು. ಇಷ್ಟು ಸುಖವಾಗಿ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ.

ಇದು ಹದಿನೈದು ದಿನದ ಹಿಂದಿನ ಮಾತು. ಓಟ ಇವತ್ತು, ಭಾನುವಾರ. ನೀವು ಈ ಪುಟ ತೆರೆದು ಕಾಫಿ ಹೀರುವ ಹೊತ್ತಿಗೆ ನಾನು ದಿಲ್ಲಿಯ ಅಗಲ ರಸ್ತೆಯಲ್ಲಿ, ಸಾವಿರಾರು ಜನರ ನಡುವೆ, ಎದೆಗೆ ನಂಬರು ಚುಚ್ಚಿಕೊಂಡು ಓಡುತ್ತಿರುತ್ತೇನೆ. ಬರೆಯುವಾಗಲೇ ಪಾದ ಮೇಜಿನ ಕೆಳಗೆ ತಾಳ ಹಾಕುತ್ತಿದೆ. ಎಷ್ಟನೆಯವಳಾಗಿ ಬರುತ್ತೇನೋ ಗೊತ್ತಿಲ್ಲ. ಮುಗಿಸುತ್ತೇನೆ, ಅದು ಗೊತ್ತು. ಓದಿಕೊಂಡು ಹೋಗಿರುವ ಪರೀಕ್ಷೆ ಇದು.

ಇವತ್ತು ನಮ್ಮ ಮನೆಯಲ್ಲಿ ತಿಂಡಿ ಏನು? ಮದುವೆಯಾದ ಮೇಲೆ ಮೊದಲ ಸಲ, ನನಗೆ ಗೊತ್ತಿಲ್ಲ.